ಅಲುಗಬಾರದ ಕಸಿ

ಸಸಿತೋಟದಲ್ಲಿ ನಲವತ್ತು ವರ್ಷ ಹಣ್ಣಿನ ಗಿಡಗಳಿಗೆ ಕಸಿ ಕಟ್ಟಿದವನನ್ನು ಊರೆಲ್ಲ ಕಸಿಯಣ್ಣ ಎಂದೇ ಕರೆಯುತ್ತಿತ್ತು. ಆ ವರ್ಷ ಅವನಿಗೆ ಕಾಮಾಲೆ ಹಿಡಿದು ಬಿಡಲೊಲ್ಲದಾಯಿತು. ಲಿವರ್‌ನಿಂದ ಕರುಳಿಗೆ ಪಿತ್ತ ಇಳಿಯುವ ನಾಳ ಹಳೆಯ ಗಾಯದಿಂದ ಮುದುಡಿಕೊಂಡಿದೆ, ಹೀಗೇ ಬಿಟ್ಟರೆ ಲಿವರ್ ಕೈಕೊಡುತ್ತದೆ ಎಂದರು ಆಸ್ಪತ್ರೆಯವರು. ಡಾಕ್ಟರಮ್ಮ ಆರು ಗಂಟೆ ನಿಂತ ಕಾಲಲ್ಲೇ ನಿಂತು, ಮುದುಡಿದ ತುಂಡನ್ನು ಕತ್ತರಿಸಿ ತೆಗೆದು, ಸಣ್ಣ ಕರುಳನ್ನು ಮೇಲಕ್ಕೆ ತಂದು ನಾಳದ ಉಳಿದ ತುದಿಗೆ ಹೊಲಿದರು.

ಪಕ್ಕೆಯಿಂದ ಸಪೂರ ನಳಿಕೆಯೊಂದು ಹೊರಬಂದು ಚೀಲಕ್ಕೆ ಇಳಿದಿತ್ತು. ಅದರಲ್ಲಿ ಹಳದಿ ಹಸಿರು ನೀರು ಕಂಡರೆ ಹೊಲಿಗೆ ಸೋರುತ್ತಿದೆ ಎಂದು ಅರ್ಥ. ಸಿಸ್ಟರ್ ಹಾಗೆಂದು ಹೆಂಡತಿಗೆ ಹೇಳಿದ್ದು ಕಸಿಯಣ್ಣನ ಕಿವಿಗೂ ಬಿತ್ತು. ಅಲ್ಲಿಗೆ ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ. ಕಸಿ ಕೂಡುವ ತನಕ ಅಲುಗಬಾರದು. ಹೊಸದಾಗಿ ಕಟ್ಟಿದ ಸಸಿಗಳ ಸಾಲಿನಲ್ಲಿ ಅವನು ಸ್ವಂತ ಹೆಂಡತಿಗೂ ಪೊರಕೆ ಆಡಿಸಲು ಬಿಟ್ಟವನಲ್ಲ.

ಮಾರನೆಯ ದಿನ ಸಿಸ್ಟರ್ ಬಂದು, “ಏಳಿ ಯಜಮಾನ್ರೇ, ನಾಲ್ಕು ಹೆಜ್ಜೆ ಹಾಕೋಣ,” ಎಂದರೆ ಜಪ್ಪಯ್ಯ ಎಂದರೂ ಏಳಲಿಲ್ಲ. ಕೆಮ್ಮು ಬಂದರೆ ನುಂಗಿಕೊಂಡ. ಉಸಿರನ್ನೂ ಗಂಟಲಿನ ತನಕ ಮಾತ್ರ ಎಳೆದುಕೊಂಡ.

“ಹೆಣದ ಹಾಗೆ ಮಲಗಿದ್ರೆ ಹೆಂಗ್ರೀ?” ಎಂದಳು ಹೆಂಡತಿ. “ಅವರು ಏಳಿ ಅಂತಾರೆ, ನೀವು ಏಳಲ್ಲ. ಓದಿದೋರು ಯಾರು, ನೀವಾ ಅವರಾ?”

“ನಿಂಗೆ ಗೊತ್ತಾಗಲ್ಲ, ಸುಮ್ನಿರೆ,” ಎಂದ ಅವನು ತುಟಿಯಷ್ಟನ್ನೇ ಆಡಿಸಿ.

ಮೂರನೆಯ ದಿನ ಬೆಳಿಗ್ಗೆ ಮೈ ಬಿಸಿಯಾಯಿತು. ಡಾಕ್ಟರಮ್ಮ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಮಂಚದ ಅಂಚಿಗೇ ಕೂತರು.

“ಹೊಲಿಗೆ ಚೆನ್ನಾಗಿದೆ. ಆದ್ರೆ ಹೀಗೇ ಮಲಗಿದ್ರೆ ಎದೇಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ. ಲಿವರ್ ಉಳಿಸಿ ನಿಮ್ಮನ್ನ ಕಳ್ಕೊಳ್ಳಲಾ ನಾನು? ಯಾಕೆ ಏಳ್ತಿಲ್ಲ, ಹೇಳಿ.”

ಕಸಿಯಣ್ಣ, “ಎಳೆತ ಬಿದ್ರೆ ಕಸಿ ಬಿಟ್ಕೊಳ್ಳುತ್ತಲ್ಲ ತಾಯಿ. ಬಿಗಿಯಾಗಿ ಕಟ್ಟಿದ್ದೀರಾ?” ಎಂದ.

ಆಕೆಗೆ ಅರ್ಥವಾಯಿತು. ನಗಲಿಲ್ಲ. “ಬಿಗಿ ಮಾಡಿದ್ರೆ ಅಂಚಿಗೆ ರಕ್ತ ಹೋಗಲ್ಲ, ಸತ್ತುಹೋಗುತ್ತೆ. ಸಡಿಲ ಆದ್ರೆ ಸೋರುತ್ತೆ. ಎರಡು ಅಂಚೂ ತಾವಾಗೇ ಬಂದು ಮುಟ್ಟೋ ಹಾಗೆ ಕರುಳನ್ನ ಸಾಕಷ್ಟು ಉದ್ದ ಬಿಟ್ಟೇ ತಂದಿದ್ದೀನಿ. ನೀವು ನಡೀರಿ, ಕೆಮ್ಮಿ, ಹೆಂಡ್ತಿ ಜೊತೆ ಜಗಳಾನೂ ಆಡಿ. ಅಲ್ಲಿಗೆ ಎಳೆತ ಹೋಗಲ್ಲ.”

ಬಿಗಿದರೆ ಸಾಯುತ್ತದೆ, ಸಡಿಲಿಸಿದರೆ ಒಣಗುತ್ತದೆ. ಕೆಲಸ ಕಲಿಯಲು ಬಂದವರಿಗೆಲ್ಲ ಅವನು ಹೇಳುತ್ತಿದ್ದ ಮೊದಲ ಮಾತೇ ಅದು. ತನ್ನ ಹೊಟ್ಟೆಯೊಳಗೆ ಕೈಯಾಡಿಸಿದವಳು ಕೆಲಸ ಬಲ್ಲವಳು ಎಂದು ಅವನಿಗೆ ಆಗ ಖಾತ್ರಿಯಾಯಿತು.

“ಕೈ ಕೊಡೇ,” ಎಂದ ಹೆಂಡತಿಗೆ.

ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿತು. ಬಾಗಿಲಿನ ತನಕ ಹನ್ನೊಂದು ಹೆಜ್ಜೆ. ಹೊಟ್ಟೆ ಹಿಡಿದುಕೊಂಡು ಕೆಮ್ಮಿದ. ಹೆಂಡತಿಯ ಕಣ್ಣು ನಳಿಕೆಯನ್ನು ಬಿಟ್ಟು ಕದಲಲಿಲ್ಲ. ಬಂದದ್ದು ತೆಳು ಕೆಂಪು ನೀರು, ಹಳದಿ ಹಸಿರಲ್ಲ. ಸಂಜೆಗೂ ಅದೇ, ಮರುದಿನವೂ ಅದೇ, ಬರಬರುತ್ತಾ ಅದೂ ಕಡಿಮೆ. ಜ್ವರ ಇಳಿಯಿತು. ಏಳನೆಯ ದಿನ ಡಾಕ್ಟರಮ್ಮ ಬಂದು ನಳಿಕೆ ತೆಗೆದರು.

“ಒಂದು ಸಲ ನಿಮ್ಮ ಕೈ ತೋರಿಸಿ ತಾಯಿ,” ಎಂದ ಕಸಿಯಣ್ಣ.

ಡಾಕ್ಟರಮ್ಮ ಅಂಗೈ ಚಾಚಿದರು. ಅವನು ಮುಟ್ಟಲಿಲ್ಲ. ಬಾಗಿ, ಗಿಡ್ಡಕ್ಕೆ ಕತ್ತರಿಸಿದ ಉಗುರುಗಳನ್ನೂ ಹೆಬ್ಬೆರಳಿನ ಬದಿಯ ಜಡ್ಡನ್ನೂ ನೋಡಿದ. “ಒಳ್ಳೇ ಕೈ,” ಎಂದಷ್ಟೇ ಹೇಳಿದ. ಅವನ ಬಾಯಿಂದ ಹಾಗೆನ್ನಿಸಿಕೊಂಡವರು ಸಸಿತೋಟದಲ್ಲಿ ಇಬ್ಬರೋ ಮೂವರೋ.

ಆಕೆ ಹೋದ ಮೇಲೆ ಹೆಂಡತಿ ಶುರು ಮಾಡಿದಳು. “ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಕೈ ಹೆಂಗಿದೆ ಅಂತ ನೋಡಿದೋರಲ್ಲ!”

ಕಸಿಯಣ್ಣ ಅವಳ ಮುಖವನ್ನು ನೋಡಿದ. ಏಳು ದಿನ ಕಬ್ಬಿಣದ ಕುರ್ಚಿಯಲ್ಲಿ ಕೂತೇ ತೂಕಡಿಸಿದ ಕಣ್ಣುಗಳು ಕೆಂಡವಾಗಿದ್ದವು. ಮಂಚದಿಂದ ಮೆಲ್ಲಗೆ ಇಳಿದು, ಹೊದಿಕೆ ಸರಿಸಿ, ದಿಂಬು ತಟ್ಟಿದ.

“ನೀನು ಮಲಗು. ನಾನು ನಡೀಬೇಕಂತೆ.”

“ಅಯ್ಯೋ, ಸಿಸ್ಟರ್ ಬೈತಾರ್ರೀ!”

“ಬೈದ್ರೆ ನಾನು ಬೈಸ್ಕೋತೀನಿ. ಮಲಗೇ.”

ಅವಳು ಗೊಣಗುತ್ತಲೇ ಒರಗಿ, ಗೊಣಗುತ್ತಲೇ ನಿದ್ದೆಹೋದಳು. ಕಸಿಯಣ್ಣ ಗೋಡೆ ಹಿಡಿದು, ಎದೆ ತುಂಬ ಉಸಿರೆಳೆದು, ಉದ್ದನೆಯ ಪಡಸಾಲೆಯ ಆ ಕೊನೆಗೆ ನಡೆಯುತ್ತಾ ಹೋದ.