ಏನೂ ಇಲ್ರಿ

ಶವಸ್ನಾನಕ್ಕೆಂದು ನಂದಾ ತಾಯಿಯ ಎಡಗಾಲಿನ ಕಾಲುಚೀಲ ಎಳೆದಳು. ಬರಲಿಲ್ಲ. ಹಿಮ್ಮಡಿಯ ಹುಣ್ಣಿಗೆ ಅಂಟಿಕೊಂಡಿತ್ತು.

"ನೀರ ಹಾಕಿ ತೋಯಿಸ ಬೇ," ಎಂದರು ಯಾರೋ.

ಬಿಸಿನೀರು ಬಿದ್ದು ಚೀಲ ಕಳಚಿತು. ಅಂಗಾಲ ತುಂಬ ಸಿಪ್ಪೆಯೆದ್ದ ಕಪ್ಪು ಚರ್ಮ, ನಡುವೆ ಹಸಿ ಗಾಯ. ಅರಕೇರಿಯಿಂದ ಬೆಳಿಗ್ಗೆಯಷ್ಟೇ ಬಂದಿದ್ದ ನಂದಾ ತಲೆಯೆತ್ತಿ ತಂದೆಯನ್ನು ನೋಡಿದಳು.

"ಇಷ್ಟ ಆಗಿತ್ತೇನ್ ಯಪ್ಪಾ? ಫೋನಿನ್ಯಾಗ ಒಂದ ದಿನಾನೂ ಹೇಳಲಿಲ್ಲಲ್ಲ."

ಗುರುಪಾದಯ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನೆರೆಮನೆಯ ಅಮೋಘಿ ಅವನ ಹೆಗಲು ಹಿಡಿದು ಹೊರಗೆ ತಂದು ಕಟ್ಟೆಯ ಮೇಲೆ ಕೂಡಿಸಿದ.

"ಅಯ್ನಾರ, ನಿಮ್ಮಂಗ ಹೆಂಡ್ತಿನ್ನ ನೋಡ್ಕೊಂಡವ್ರು ತಿಕೋಟಾದಾಗ ಯಾರದಾರ ಹೇಳ್ರಿ? ನಾ ದ್ರಾಕ್ಷಿಗೆ ಹುಳದ ಎಣ್ಣಿ ಹೊಡಿಯೂದ ಮರೀತೇನಿ. ನೀವು ಒಂದ ಹೊತ್ತಿನ ಗುಳಿಗಿ ತಪ್ಪಿಸಲಿಲ್ಲ."

ಕೂತವರೆಲ್ಲ ತಲೆದೂಗಿದರು. ಗುರುಪಾದಯ್ಯನಿಗೆ ಆ ಕೈಯನ್ನು ಕೊಡವಿ ನಿಜ ಹೇಳಿಬಿಡಬೇಕೆನಿಸಿತು.

*

ಹೆಂಡತಿ ಮುರಿಗೆವ್ವನ ಎದೆಯ ಕ್ಯಾನ್ಸರ್ ಗಡ್ಡೆ ಎಲುಬಿಗೆ ಇಳಿದಿತ್ತು. ಗುಳಿಗೆ ಬರೆದುಕೊಡುವಾಗಲೇ ವಿಜಯಪುರದ ಡಾಕ್ಟರು ಎಚ್ಚರಿಸಿದ್ದರು: ಅಂಗೈ, ಅಂಗಾಲು ಉರಿದು ಸುಲಿಯಬಹುದು, ಸುಲಿದರೆ ಹೇಳಬೇಕು, ಕೆಲವು ದಿನ ನಿಲ್ಲಿಸಿ, ಆಮೇಲೆ ಕಡಿಮೆ ಮಾಡಿ ಕೊಡುತ್ತೇವೆ. ಗುರುಪಾದಯ್ಯನ ಕಿವಿಗೆ ಬಿದ್ದದ್ದು ನಿಲ್ಲಿಸುವ ಮಾತೊಂದೇ. ಆಸ್ಪತ್ರೆಯ ಬೆಂಚಿನ ಮೇಲೆ ಅವರ ಜೊತೆ ಕೂರುತ್ತಿದ್ದ ಬಬಲೇಶ್ವರದ ಪರಸವ್ವನ ಗುಳಿಗೆ ನಿಲ್ಲಿಸಿದ್ದರು. ಮುಂದಿನ ತಿಂಗಳು ಆಕೆ ಬಂದಿರಲಿಲ್ಲ.

"ಕೈಕಾಲು ಹೆಂಗದಾವಮ್ಮಾ?" ಮೂರನೆಯ ತಿಂಗಳು ಡಾಕ್ಟರು ಕೇಳಿದರು.

ಮುರಿಗೆವ್ವ ಬಾಯಿ ತೆರೆಯುವ ಮೊದಲೇ ಅವನೆಂದ: "ಏನೂ ಇಲ್ರಿ. ಆರಾಮ ಅದಾಳ."

ಅವಳು ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಂಡಳು.

ಬಸ್ಸಿನಲ್ಲಿ ಕೇಳಿದಳು: "ಯಾಕ ಸುಳ್ಳ ಹೇಳಿದ್ರಿ?"

"ಗುಳಿಗಿ ನಿಲ್ಲಿಸಿಬಿಡ್ತಾರ. ನೀ ಬೇಕಲ್ಲ ನನಗ."

"ಹಂಗಾರ ಸ್ಟ್ಯಾಂಡಿನಿಂದ ಮನೀತನಕ ನಿಮ್ಮ ಕಾಲ ಕೊಡ್ರಿ," ಎಂದು ನಕ್ಕಳು.

ಇಳಿದು, ಹಿಮ್ಮಡಿ ಊರದೆ ಮನೆಯವರೆಗೆ ನಡೆದಳು. ಎರಡು ವಾರದಲ್ಲಿ ಗಾಯ ಕೀವಾಯಿತು, ನಂಜು ಮೈಗೇರಿ ಜೀವ ತೆಗೆಯಿತು. ಗಡ್ಡೆಗಿನ್ನೂ ಅವಸರವಿರಲಿಲ್ಲ.

*

ಹೊಲದಲ್ಲಿ ತೋಡಿದ ಕುಣಿಯೊಳಗೆ ಅವಳನ್ನು ಕಾಲು ಮಡಚಿ ಕೂಡಿಸಿದರು. ವಿಭೂತಿ, ಪತ್ರಿ ಏರಿಸಿದ್ದಾಯಿತು. ಅಮೋಘಿ ಸಮಾಧಿಗೆ ತುಂಬುವ ಹರಳುಪ್ಪಿನ ಬುಟ್ಟಿಯನ್ನು ಮೇಲಿನಿಂದ ಬಗ್ಗಿಸಹೋದ.

"ಕಾಲಿಗೆ ಬ್ಯಾಡೋ! ಉರಿತೈತಿ ಆಕಿಗೆ!"

ಅನ್ನುತ್ತಲೇ ಗುರುಪಾದಯ್ಯ ಕುಣಿಗೆ ಇಳಿದಿದ್ದ.

"ಅಯ್ನಾರ, ಮ್ಯಾಲ ಬರ್ರಿ. ಆಕಿಗಿನ್ನ ಎಲ್ಲಿ ಉರಿ?"

"ಡಾಕ್ಟರ ಕೇಳಿದ್ರು ನಂದಾ. ಕೇಳಿದ್ರು. ಏನೂ ಇಲ್ಲ ಅಂತ ನಾನ ಹೇಳೇನಿ."

ಕುಣಿಯ ಅಂಚಿನಲ್ಲಿದ್ದ ನಂದಾ ಅವನತ್ತ ನೋಡಿದಳೇ ಹೊರತು ಕೈ ಚಾಚಲಿಲ್ಲ. ಹಿಂದೆ ನಿಂತವರು ಹೊತ್ತಾಯಿತೆಂದರು. ಅಮೋಘಿ ಮುಖ ತಿರುಗಿಸಿಕೊಂಡು ಬುಟ್ಟಿ ಬಗ್ಗಿಸಿದ. ಗುರುಪಾದಯ್ಯ ಎರಡೂ ಅಂಗೈಗಳನ್ನು ಹೆಂಡತಿಯ ಅಂಗಾಲುಗಳ ಮೇಲೆ ಒತ್ತಿ ಮುಚ್ಚಿದ. ಉಪ್ಪು ಅವನ ಕೈ ಮೇಲೆ ಬಿದ್ದು, ಬೆರಳ ಸಂದಿಗಳಿಂದ ಒಂದೊಂದೇ ಹರಳಾಗಿ ಒಳಗಿಳಿಯತೊಡಗಿತು.