ಟೋಕನ್ ನಲವತ್ತೇಳರ ಭಾವಾರ್ಥ

ಮಗಳ ಹಾಡನ್ನು ನಾನು ಮೊದಲು ಕೇಳಿದ್ದು ಪಕ್ಕದ ಮನೆಯ ನಫೀಸಮ್ಮನ ಫೋನಿನಲ್ಲಿ. ಸೋಮವಾರ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಬಂಗುಡೆ ತೊಳೆಯುತ್ತಿದ್ದೆ. ಆಕೆ ಕಾಂಪೌಂಡಿನ ಆಚೆಯಿಂದ ಕೈ ಚಾಚಿ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

"ಬೇಬಿಯಕ್ಕ, ನಿಮ್ಮ ಚೈತಾಲಿ ಫೇಮಸ್ ಆಗಿದ್ದಾಳೆ, ನಿಮಗೆ ಗೊತ್ತೇ ಇಲ್ವಾ? ಎಂತ ಸ್ಪೀಡು ಮಾರಾಯ್ರೆ! ಹಾಡುವುದಾ, ಜಗಳ ಮಾಡುವುದಾ, ನನಗೆ ಗೊತ್ತಾಗಲಿಲ್ಲ."

ಚೈತಾಲಿ ಉಡುಪಿಯಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಾಳೆ. ರ‍್ಯಾಪ್ ಬರೆಯುತ್ತಾಳೆ. ಕಲ್ಯಾಣಪುರದ ಕ್ಲಾಯ್ಡ್ ಎಂಬ ಸಹಪಾಠಿ ತನ್ನ ಮನೆಯ ಮಹಡಿ ಕೋಣೆಯಲ್ಲಿ ಕಂಪ್ಯೂಟರಿನಿಂದ ತಾಳ ಹಾಕಿಕೊಡುತ್ತಾನೆ. ಮೊದಲಿನ ಎರಡು ಹಾಡುಗಳಲ್ಲಿ ಒಂದು ಬಸ್ಸಿನ ರಶ್ಶಿನ ಮೇಲೆ, ಇನ್ನೊಂದು ಪರೀಕ್ಷೆಯ ಹಾಲಿನ ಮೇಲೆ ಇತ್ತು. ಎರಡಕ್ಕೂ ನಾನು ನಕ್ಕಿದ್ದೆ. ಈ ಮೂರನೆಯದರ ಬಗ್ಗೆ ಅವಳು ನನಗೆ ಹೇಳಿರಲಿಲ್ಲ. ಹಿಂದಿನ ದಿನವಷ್ಟೇ ಹಾಕಿದ್ದಳು. ಹೆಸರು 'ಟೋಕನ್ ನಲವತ್ತೇಳು'.

ಕಾರ್ಕಳದ ಬಸ್ಸು ಹತ್ತಿ ಮಣಿಪಾಲದಲ್ಲಿ ಇಳಿದವಳೇ,
ಟೋಕನ್ನು ನಲವತ್ತೇಳು ಕೈಲಿ ಹಿಡಿದು ಕುಳಿತವಳೇ,
ಎಡಗೈ ಮೇಲೆತ್ತಲಾರೆ, ಬಟ್ಟೆ ಒಣಗಿಸೋದು ಹೇಗೆ?
ಕೇಳೋ ಮೊದಲೇ ನಗುತೀಯಲ್ಲ, ಇನ್ನು ಕೇಳೋದು ಹೇಗೆ?

ಆಮೇಲೆ ಪಲ್ಲವಿ.

ಸೌಖ್ಯ ಅಂದ್ರೆ ಸೌಖ್ಯ, ಇಲ್ಲಿ ಎಲ್ಲ ಸೌಖ್ಯ,
ಮನೆ ಸೌಖ್ಯ, ಬಾವಿ ಸೌಖ್ಯ, ಬೆಕ್ಕು ಕೂಡ ಸೌಖ್ಯ!

ನಫೀಸಮ್ಮ ನಗುತ್ತಿದ್ದಳು. ನನ್ನ ಕೈಯಲ್ಲಿದ್ದ ಮೀನು ಜಾರಿ ಮಣ್ಣಿಗೆ ಬಿತ್ತು. ಅದನ್ನು ಎತ್ತಿ ಮತ್ತೆ ತೊಳೆಯುವ ನೆಪದಲ್ಲಿ ಮುಖ ಕೆಳಗೆ ಹಾಕಿದೆ.

"ನಮ್ಮ ಹುಡುಗ ರಮೀಝ್ ಹೇಳುವುದು ಇದು ಲವ್ ಫೇಲ್ ಆದ ಹಾಡಂತೆ. ನಾನು ಬೈದೆ ಅವನಿಗೆ. ಚೈತಾಲಿ ಹಾಗಲ್ಲ ಅಂತ. ಅಲ್ವಾ ಬೇಬಿಯಕ್ಕ?" ಎಂದು ಕೇಳಿ ನನ್ನ ಮುಖವನ್ನೇ ನೋಡಿದಳು.

"ಅಲ್ಲಪ್ಪ, ಅದೆಲ್ಲ ಸುಮ್ಮನೆ ಪ್ರಾಸಕ್ಕೆ ಬರೆಯುವುದು," ಎಂದೆ.

ಕಳೆದ ಗುರುವಾರ ಕಾರ್ಕಳದ ಬಸ್ಸು ಹತ್ತಿ ಮಣಿಪಾಲದಲ್ಲಿ ಇಳಿದವಳು ನಾನು. ಟೋಕನ್ನು ನಲವತ್ತೇಳು ನನ್ನದು.

ಎಡ ಎದೆಯ ಬದಿಯಲ್ಲಿ, ಕಂಕುಳಿನ ಹತ್ತಿರ, ಹುಣಸೆಬೀಜದಷ್ಟು ಗಟ್ಟಿಯಾದದ್ದು ಕೈಗೆ ಸಿಕ್ಕಿ ಒಂದು ತಿಂಗಳಾಗಿತ್ತು. ಕಾರ್ಕಳದ ಅತ್ತಿಗೆಯನ್ನು ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ, ಕಾಪುವಿನಿಂದ ಉಡುಪಿಗೆ ಬಂದು, ಅಲ್ಲಿಂದ ಕಾರ್ಕಳದ ಬಸ್ಸನ್ನೇ ಹತ್ತಿದೆ. ಮಣಿಪಾಲಕ್ಕೆ ಸಿಟಿ ಬಸ್ಸುಗಳು ಬೇಕಾದಷ್ಟಿವೆ. ಹೇಳಿದ್ದು ಸುಳ್ಳಾದರೂ ಹತ್ತಿದ ಬಸ್ಸಾದರೂ ಸರಿ ಇರಲಿ ಎಂದು ಮನಸ್ಸಿಗೆ ಒಂದು ಸಮಾಧಾನ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ದಪ್ಪ ಸೂಜಿ ಹಾಕಿ ಒಂದು ತುಣುಕು ತೆಗೆದರು. ಅಂದಿನಿಂದ ಎಡಗೈ ಮೇಲೆತ್ತಿದರೆ ನೋವು. "ಮುಂದಿನ ಗುರುವಾರ ರಿಪೋರ್ಟ್ ಬರುತ್ತದೆ. ಮನೆಯವರು ಯಾರಾದರೂ ಜೊತೆಗೆ ಬರಲಿ," ಎಂದರು ಡಾಕ್ಟರು. ಆ ಕೊನೆಯ ಮಾತನ್ನು ನಾಲ್ಕು ದಿನದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ನನ್ನವರು ಶೇಖರ. ಮಸ್ಕತ್ತಿನಿಂದ ಇನ್ನೂ ಒಳಗೆ, ಒಂದು ಕ್ಯಾಟರಿಂಗ್ ಕಂಪನಿಯ ಸ್ಟೋರಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾರೆ. ನಮ್ಮ ಕಡೆ ಗಲ್ಫಿನಲ್ಲಿ ಇರುವವರಿಗೆ ಮನೆಯ ಕೆಟ್ಟ ಸುದ್ದಿ ಹೇಳುವುದಿಲ್ಲ. ಹೇಳಿದರೆ ಅವರು ಅಲ್ಲಿ ಏನು ಮಾಡಿಯಾರು? ನಫೀಸಮ್ಮನ ಅತ್ತೆಯ ಸೊಂಟ ಮುರಿದದ್ದು ಅಲ್ಲೇ ಇರುವ ಅವಳ ಗಂಡ ಬೀರಾನ್ ಬ್ಯಾರಿಗೆ ಗೊತ್ತಾದದ್ದು ಅತ್ತೆ ಎದ್ದು ನಡೆದಾಡಿದ ಮೇಲೆ. ನಮ್ಮ ಮಾವ ತೀರಿಕೊಂಡಾಗಲೂ ಇವರಿಗೆ "ಸ್ವಲ್ಪ ಹುಷಾರಿಲ್ಲ, ಬಂದು ಹೋಗಿ" ಎಂದಷ್ಟೇ ಹೇಳಿದ್ದೆವು. ಹೇಳಿದವಳು ನಾನೇ.

ಹಾಡಿನಲ್ಲಿ ಇನ್ನೂ ಎರಡು ಸಾಲು ಇದ್ದವು.

ಅಲ್ಲಿ ಒಬ್ಬ ಪರದೆಯೊಳಗೆ ಊಟ ಆಯ್ತಾ ಕೇಳ್ತಾನೆ,
ಇಲ್ಲಿ ಒಬ್ಬಳು ಲೈಟಿನ ಕೆಳಗೆ ಮುಖ ತೊಳ್ಕೊಂಡು ಕೂರ್ತಾಳೆ.

ಇವರು ಟೌನಿಗೆ ಬಂದಾಗಲೆಲ್ಲ ವೀಡಿಯೋ ಕಾಲಿನಲ್ಲಿ ಮೊದಲು ಕೇಳುವುದು ಅದನ್ನೇ. ಈ ಹಾಡು ಕೇಳಿದರೆ ಅರ್ಥವಾಗಲು ಎರಡನೆಯ ಸಲ ಕೇಳಬೇಕಾಗಿಯೇ ಇಲ್ಲ.

ಸಂಜೆ ಚೈತಾಲಿ ಬಂದಳು. ಬ್ಯಾಗು ಇಟ್ಟವಳು ಸೀದಾ ಹಿತ್ತಲಿಗೆ ಹೋಗಿ, ನಾನು ಬಕೆಟಿನಲ್ಲೇ ಬಿಟ್ಟಿದ್ದ ಬೆಡ್‌ಶೀಟನ್ನು ಹಿಂಡಿ ತಂತಿಗೆ ಹಾಕತೊಡಗಿದಳು.

"ನಿನಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ಯಾರೂ ಇಲ್ಲ. ಗುರುವಾರ ನಾವು ಪ್ರಾಜೆಕ್ಟಿನ ಪ್ರಿಂಟಿಗೆ ಮಣಿಪಾಲಕ್ಕೆ ಹೋಗಿದ್ದೆವು. ನೀನು ಕಾರ್ಕಳದ ಬಸ್ಸಿನಿಂದ ಇಳಿದದ್ದು ನೋಡಿದೆ. ಕರೆಯುವ ಅಂತ ಹಿಂದೆ ಬಂದೆ. ನೀನು ಆಸ್ಪತ್ರೆಯೊಳಗೆ ಹೋದೆ."

"ಆಮೇಲೆ?"

"ಆಮೇಲೆ ಎಂತ? ನಿನ್ನ ಹಿಂದೆ ಮೂರನೇ ಸಾಲಿನಲ್ಲಿ ಎರಡು ಗಂಟೆ ಕೂತಿದ್ದೆ. ಶಾಲು ತಲೆಗೆ ಹಾಕಿಕೊಂಡು. ನಲವತ್ತೇಳು ಅಂತ ಕರೆದಾಗ ಎದ್ದು ಹೋದೆ, ಒಮ್ಮೆಯೂ ತಿರುಗಲಿಲ್ಲ ನೀನು."

ಎರಡು ಗಂಟೆ ನಾನು ಎದುರಿನ ಗೋಡೆಯ ಗಡಿಯಾರ ನೋಡುತ್ತಿದ್ದೆ. ಹಿಂದೆ ನನ್ನ ಮಗಳು ನನ್ನ ಬೆನ್ನು ನೋಡುತ್ತಿದ್ದಳು.

"ಬಂದು ಪಕ್ಕದಲ್ಲಿ ಕೂರಬಹುದಿತ್ತಲ್ಲ ಮಗಾ."

"ಕೂತರೆ ನೀನು ಎಂತ ಹೇಳ್ತಿದ್ದೆ ಗೊತ್ತುಂಟು. ಯಾರನ್ನೋ ನೋಡ್ಲಿಕ್ಕೆ ಬಂದದ್ದು ಅಂತ."

ಅದು ನಿಜ. ನನ್ನ ಬಳಿ ಆ ಸುಳ್ಳೂ ತಯಾರಿತ್ತು.

"ಹಾಡು ತೆಗೆದುಬಿಡು. ಅಪ್ಪ ಕೇಳಿದರೆ ಅಲ್ಲಿ ಹುಚ್ಚು ಹಿಡಿದ ಹಾಗೆ ಆಗ್ತದೆ ಅವರಿಗೆ. ಗುರುವಾರ ಕಳೆಯಲಿ. ಏನೂ ಇಲ್ಲ ಅಂತ ಬಂದರೆ ನಾನೇ ನಗಾಡಿಕೊಂಡು ಹೇಳ್ತೇನೆ."

"ಏನಾದರೂ ಉಂಟು ಅಂತ ಬಂದರೆ?"

ನಾನು ಖಾಲಿ ಬಕೆಟನ್ನು ಮಗುಚಿ ಇಟ್ಟೆ. ಅವಳು ಬೆಡ್‌ಶೀಟಿನ ಆ ಬದಿಯಿಂದಲೇ ಮಾತಾಡಿದಳು, ಮುಖ ಕಾಣುತ್ತಿರಲಿಲ್ಲ.

"ಈಗ ತೆಗೆದರೆ ಯಾಕೆ ತೆಗೆದದ್ದು ಅಂತ ಎಲ್ಲರೂ ಕೇಳ್ತಾರೆ. ಎಂಟು ಸಾವಿರ ಜನ ನೋಡಿ ಆಗಿದೆ. ಅಪ್ಪನಿಗೆ ಲಿಂಕ್ ನಾನು ಕಳಿಸುವುದಿಲ್ಲ. ಅವರೇ ನೋಡಿ ಅರ್ಥ ಕೇಳಿದರೆ ಸುಳ್ಳು ಹೇಳುವುದೂ ಇಲ್ಲ. ನೀನೇ ಹೇಳಮ್ಮ, ಗುರುವಾರದೊಳಗೆ."

ಮಂಗಳವಾರ ಬೆಳಿಗ್ಗೆ ಇವರ ಮೆಸೇಜು ಬಂತು. 'ಚೈತಾಲಿಯ ಹೊಸ ಹಾಡು ಉಂಟಂತೆ. ನಾಳೆ ಟೌನಿಗೆ ಹೋಗುವಾಗ ನೆಟ್ ಸಿಗ್ತದೆ, ನೋಡ್ತೇನೆ.' ನಾನು ಎಂದಿನಂತೆ 'ಸೌಖ್ಯ' ಎಂದು ಬರೆದು ಕಳಿಸಿದೆ. ಅವರು ಸೌಖ್ಯವಾ ಎಂದು ಕೇಳಿರಲೇ ಇಲ್ಲ.

ಆ ದಿನ ಅಕ್ಕಿ ಇಟ್ಟದ್ದು ಉಕ್ಕಿ ಒಲೆ ಆರಿತು. ಮತ್ತೆ ಹೊತ್ತಿಸಿ, ಕೈಯೊರೆಸಿಕೊಂಡು ಹಾಡಿನ ಕೆಳಗೆ ಜನ ಬರೆದದ್ದನ್ನೆಲ್ಲ ಓದುತ್ತಾ ಕುಳಿತೆ. ಇನ್ನೂರಕ್ಕೂ ಹೆಚ್ಚು ಕಮೆಂಟು. ಎಲ್ಲರೂ ಅರ್ಥ ಹುಡುಕುವವರೇ. ಕಾರ್ಕಳ ಎಂದರೆ ಸಂಪ್ರದಾಯ, ಮಣಿಪಾಲ ಎಂದರೆ ಮಾಡರ್ನ್ ಲೈಫು, ದಾರಿಯ ಮಧ್ಯೆ ಇಳಿದ ಹೆಣ್ಣಿನ ಕತೆ ಎಂದು ಒಬ್ಬ. ಪರದೆಯೊಳಗಿನವನು ಜೈಲಿನಲ್ಲಿರುವ ಪ್ರೇಮಿ ಎಂದು ಇನ್ನೊಬ್ಬ. ನಲವತ್ತೇಳು ಎಂದರೆ ಸ್ವಾತಂತ್ರ್ಯ ಬಂದ ವರ್ಷ, ಇದು ದೇಶದ ಹಾಡು ಎಂದು ಮತ್ತೊಬ್ಬ. ಅವನಿಗೆ ಮೂವತ್ತು ಜನ ಭೇಷ್ ಎಂದಿದ್ದರು.

ಇವರು ಕೂಡ ಹಾಡು ಕೇಳಿ ಕೆಳಗೆ ಓದುತ್ತಾರೆ. ಮಗಳನ್ನು ಯಾರು ಹೊಗಳಿದ್ದಾರೆ ಎಂದು ಒಂದೊಂದನ್ನೂ ಓದುವ ಮನುಷ್ಯ. ಅಲ್ಲಿ ನಂಬುವಂಥ ಒಂದು ಅರ್ಥ ಇದ್ದರೆ, ಆ ಅರ್ಥದಲ್ಲೇ ಅವರ ಮನಸ್ಸು ನಿಂತೀತು ಎಂದು ನನಗೆ ಹೊಳೆಯಿತು. ಸರಿಯಾಗಿ ಯೋಚಿಸುವ ಸ್ಥಿತಿಯಲ್ಲಿ ಇದ್ದಿದ್ದರೆ ಹೊಳೆಯುತ್ತಿರಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕನ್ನಡದಲ್ಲಿ ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆಗೆ ನನಗೆ ಯಾವಾಗಲೂ ಪೂರ್ತಿ ಅಂಕ. ಪದ್ಯದ ಅರ್ಥ ಬರೆಯುವುದಕ್ಕೆ ನನಗೆ ಗೊತ್ತಿದ್ದ ಕ್ರಮ ಅದೊಂದೇ. ಹಾಗೆಯೇ ಬರೆದೆ.

'ಆಯ್ಕೆ: ಈ ಸಾಲುಗಳನ್ನು ಚೈತಾಲಿ ಅವರ ಟೋಕನ್ ನಲವತ್ತೇಳು ಎಂಬ ಹಾಡಿನಿಂದ ಆರಿಸಲಾಗಿದೆ. ಸಂದರ್ಭ: ವಿದ್ಯಾರ್ಥಿನಿಯೊಬ್ಬಳು ಕೆಲಸದ ಸಂದರ್ಶನಕ್ಕೆ ಹೋದ ಸಂದರ್ಭ. ವಿವರಣೆ: ಟೋಕನ್ ಎಂದರೆ ಸಂದರ್ಶನದ ಸರದಿ. ಎಡಗೈ ಎತ್ತಲಾರೆ ಎಂದರೆ ಆತ್ಮವಿಶ್ವಾಸದ ಕೊರತೆ, ನಿಜವಾದ ಕೈನೋವು ಅಲ್ಲ. ಪರದೆಯೊಳಗೆ ಇರುವವನು ಆನ್‌ಲೈನ್ ಅಧ್ಯಾಪಕ. ಸ್ವಾರಸ್ಯ: ಯುವಜನರ ಆತಂಕವನ್ನು ಕವಯಿತ್ರಿ ಇಲ್ಲಿ ಸ್ವಾರಸ್ಯಕರವಾಗಿ ವರ್ಣಿಸಿದ್ದಾರೆ. ಇದರಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ್ದು ಏನೂ ಇರುವುದಿಲ್ಲ.'

ಎರಡು ಸಲ ಓದಿ, ಕಾಗುಣಿತ ತಿದ್ದಿ ಹಾಕಿದೆ. ಗಂಜಿ ಆಗಲೇ ತಳ ಹಿಡಿದಿತ್ತು.

ಬುಧವಾರ ಮಧ್ಯಾಹ್ನ ತೆಂಗಿನಕಾಯಿ ತುರಿಯುತ್ತಿದ್ದಾಗ ಚೈತಾಲಿ ಕಾಲೇಜಿನಿಂದ ಫೋನು ಮಾಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಅಮ್ಮಾ, ಎಂತ ಮಾಡಿಟ್ಟಿದ್ದಿ? ಏಳುನೂರು ಲೈಕು ಉಂಟು. ಕ್ಲಾಯ್ಡ್ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿದ್ದಾನೆ. ಯಾರೋ ಕನ್ನಡ ಟೀಚರು ಅಂತ ಎಲ್ಲರೂ ಹೇಳ್ತಿದ್ದಾರೆ. ಹೆಸರು ಕೂಡ ಬದಲಿಸಲಿಲ್ಲ ನೀನು!"

ಹೆಸರು ನನ್ನದೇ ಇತ್ತು. ಬೇಬಿ ಶೇಖರ, ಕಾಪು. ಪಕ್ಕದಲ್ಲಿ ನಮ್ಮ ಅಂಗಳದ ದಾಸವಾಳದ ಫೋಟೋ. ನನಗೆ ಅದು ಎಲ್ಲರಿಗೂ ಕಾಣುತ್ತದೆ ಎಂಬುದೇ ಹೊಳೆದಿರಲಿಲ್ಲ. ತೆಗೆಯುವುದು ಹೇಗೆ ಎಂದು ಕೇಳುವಷ್ಟರಲ್ಲಿ ಇನ್ನೊಂದು ಕರೆ ಬಂತು. ಮಸ್ಕತ್ತಿನ ನಂಬರು. ಇವರು ಎಂದೂ ಆ ಹೊತ್ತಿಗೆ ಮಾಡುವವರಲ್ಲ.

ಕೈಯಲ್ಲಿದ್ದ ಕಾಯಿತುರಿಯನ್ನು ಕೊಡವಿ ಆ ಕರೆ ತೆಗೆದುಕೊಂಡೆ. "ಊಟ ಆಯ್ತಾ?" ಎಂದು ನಾನೇ ಕೇಳಿದೆ.

"ಹಾಡು ನೋಡಿದೆ," ಎಂದರು. "ಒಳ್ಳೆಯದುಂಟು. ಮಗಳಿಗೆ ಗಂಟಲು ಗಟ್ಟಿ ಉಂಟು."

"ಹೌದಲ್ವಾ."

"ಕೆಳಗೆ ನಿನ್ನದು ಓದಿದೆ."

"ಅದು... ಅಡುಗೆ ಆಗಿತ್ತು, ಸಮಯ ಇತ್ತು, ಸುಮ್ಮನೆ ಬರೆದದ್ದು."

"ಬೇಬಿ, ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯಿತು. ನೀನು ನನಗೆ ಬರೆದದ್ದೆಲ್ಲ ಒಟ್ಟು ಸೇರಿಸಿದರೂ ಇಷ್ಟು ಉದ್ದ ಆಗ್ಲಿಕ್ಕಿಲ್ಲ ಮಾರಾಯ್ತಿ. ಹಾಡು ಕೇಳುವಾಗ ನನಗೆ ಎಂತದೂ ಅನ್ನಿಸಲಿಲ್ಲ. ಯಾರದೋ ಕತೆ ಅಂದುಕೊಂಡೆ. ನೀನು ಬರೆದದ್ದು ಓದಿದ ಮೇಲೆ ಟೌನಿನ ಕೆಲಸ ಬಿಟ್ಟು ನಿನಗೆ ಫೋನು ಮಾಡಿದ್ದು."

ನಾನು ಈಳಿಗೆಮಣೆಯ ಮೇಲೆಯೇ ಕುಳಿತಿದ್ದೆ.

"ಎಡಗೈಗೆ ಎಂತ ಆಗಿದೆ?" ಎಂದರು.

ಹೇಳಿದೆ. ಸರಿಯಾದ ಕ್ರಮದಲ್ಲಿ ಹೇಳಲಿಕ್ಕೆ ಬರಲಿಲ್ಲ. ಮೊದಲು ಬಸ್ಸು, ಆಮೇಲೆ ಬೆಡ್‌ಶೀಟು, ಆಮೇಲೆ ಸೂಜಿ, ಎಲ್ಲಕ್ಕಿಂತ ಕೊನೆಗೆ ಆ ಹುಣಸೆಬೀಜದಷ್ಟು ಗಟ್ಟಿಯಾದದ್ದು. ಮಧ್ಯೆ ಮಧ್ಯೆ "ಏನೂ ಇರ್ಲಿಕ್ಕಿಲ್ಲ" ಎಂದು ಸೇರಿಸುತ್ತಿದ್ದೆ. ಆ ಕಡೆ ಯಾರೋ ಹಿಂದಿಯಲ್ಲಿ ಅವರನ್ನು ಕರೆದರು. ಅವರು ಉತ್ತರ ಕೊಡಲಿಲ್ಲ.

"ನನ್ನ ಅಪ್ಪ ತೀರಿಕೊಂಡಾಗಲೂ ನೀನು ಹೀಗೇ ಮಾಡಿದ್ದಿ," ಎಂದರು ಕೊನೆಗೆ. ಬೈಯುವ ಸ್ವರ ಅಲ್ಲ. "ವಿಮಾನದಲ್ಲಿ ಅಷ್ಟೂ ಹೊತ್ತು ಅವರಿಗೆ ಇಷ್ಟ ಅಂತ ತೆಗೆದುಕೊಂಡ ಖರ್ಜೂರದ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಂಗಳಕ್ಕೆ ಬಂದು ನೋಡಿದರೆ ಜನ. ಆ ಪೆಟ್ಟಿಗೆಯನ್ನು ಎಲ್ಲಿ ಇಡುವುದು ಅಂತಲೇ ಗೊತ್ತಾಗಲಿಲ್ಲ ನನಗೆ. ಇಷ್ಟು ವರ್ಷ ನಿನ್ನ ಹತ್ತಿರ ಹೇಳಲಿಲ್ಲ."

"ನೀವು ಅಲ್ಲಿ ಒಬ್ಬರೇ ಇದ್ದು ಹೆದರುವುದು ಬೇಡ ಅಂತ..."

"ನೀನು ಅಲ್ಲಿ ಒಬ್ಬಳೇ ಹೆದರಿದೆಯಲ್ಲ. ಅದು ಎಂತ ಲೆಕ್ಕ?"

ನನಗೆ ಅಳು ಬಂತು. ಅವರು ಕಾದರು. ಆಮೇಲೆ ಸ್ಟೋರಿನಲ್ಲಿ ಸಾಮಾನಿನ ಪಟ್ಟಿ ಓದುವವರ ಹಾಗೆ ಒಂದೊಂದೇ ಕೇಳಿದರು. ನಾಳೆ ಎಷ್ಟು ಗಂಟೆಗೆ? ಯಾವ ಡಾಕ್ಟರು? ಚೈತಾಲಿ ಬರ್ತಾಳಾ? ನಾಳೆ ಬೆಳಿಗ್ಗೆಗೆ ತಾನು ಬಂದು ಮುಟ್ಟಲಿಕ್ಕೆ ಆಗುವುದಿಲ್ಲ, ರಜೆಗೆ ಇವತ್ತೇ ಬರೆದು ಕೊಡುತ್ತೇನೆ ಎಂದರು.

"ಡಾಕ್ಟರು ಮಾತಾಡುವಾಗ ಫೋನು ಆನ್ ಇಡು. ಅವರು ಹೇಳಿದ್ದನ್ನು ನೀನು ಆಮೇಲೆ ನನಗೆ ಹೇಳುವುದು ಬೇಡ. ನಿನ್ನ ವಿವರಣೆ ನನಗೆ ಬೇಡ ಮಾರಾಯ್ತಿ."

ಅಷ್ಟು ಹೆದರಿಕೆಯಲ್ಲೂ ಇಬ್ಬರಿಗೂ ನಗು ಬಂತು.

ಗುರುವಾರ ಚೈತಾಲಿ ನನ್ನ ಪಕ್ಕದಲ್ಲೇ ಕುಳಿತಳು. ಅವಳ ಮೊಣಕಾಲು ನಿಲ್ಲದೆ ಅಲುಗುತ್ತಿತ್ತು. ನನ್ನ ಕೈ ಅದರ ಮೇಲಿಟ್ಟೆ. ಫೋನು ನನ್ನ ಮಡಿಲಲ್ಲಿತ್ತು, ಒಂದು ಗಂಟೆಯಿಂದ ಕರೆ ಕಡಿದಿರಲಿಲ್ಲ. ಆಗಾಗ ಅದರೊಳಗಿಂದ ಗಂಟಲು ಸರಿಪಡಿಸುವ ಶಬ್ದ ಬರುತ್ತಿತ್ತು.

"ಕೇಳ್ತಾ ಉಂಟಾ?" ಎಂದೆ ಮೆಲ್ಲಗೆ.

"ಕೇಳ್ತಾ ಉಂಟು."

"ನನಗೆ ತುಂಬಾ ಹೆದರಿಕೆ ಆಗ್ತಾ ಉಂಟು."

ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ನಾನು ಅವರಿಗೆ ಹೇಳಿದ್ದು ಅದೇ ಮೊದಲು. ಚೈತಾಲಿ ಆ ಕಡೆ ಮುಖ ತಿರುಗಿಸಿದಳು.

"ನನಗೂ," ಎಂದರು ಅವರು.

ನರ್ಸು ಹೆಸರು ಕರೆದಳು. ಒಳಗೆ ಹೋದೆವು. ಡಾಕ್ಟರು ಫೈಲು ಎದುರಿಗೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು.

"ಮಗಳು ಇದ್ದಾಳೆ. ನಮ್ಮವರೂ ಇದ್ದಾರೆ," ಎಂದು ಫೋನನ್ನು ಫೈಲಿನ ಪಕ್ಕದಲ್ಲಿಟ್ಟೆ.

"ನಮಸ್ಕಾರ ಡಾಕ್ಟ್ರೇ!" ಎಂದು ಮೇಜಿನ ಮೇಲಿನಿಂದ ಶೇಖರ ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಬಾಗಿಲ ಬಳಿ ನಿಂತಿದ್ದ ನರ್ಸು ಬೆಚ್ಚಿಬಿದ್ದಳು. ಡಾಕ್ಟರು ಫೋನಿನ ಕಡೆಗೆ ಬಗ್ಗಿ ನಮಸ್ಕಾರ ಹೇಳಿದರು. ಮತ್ತೆ ಫೈಲು ತೆರೆದು, ಮೂವರಿಗೂ ಕೇಳುವ ಹಾಗೆ, ನಿಧಾನವಾಗಿ ಓದತೊಡಗಿದರು.