ಹುಲಿ ಕಂಬಳಿಯೊಳಗಿನ ನಳಿಗೆ

ಊರಿನಲ್ಲಿ ಮಂಗಗಳ ಕಾಟ ಯಾರಿಗೆ ಗೊತ್ತಿಲ್ಲ? ಗುರುವನ ತಮ್ಮ ವಿಶಾಲ್ ವಾರಕ್ಕೆರಡು ಸಲ ಫೋನು ಮಾಡಿ ಅದನ್ನೇ ಹೇಳುತ್ತಿದ್ದ. ಬಾಳೆಗೊನೆ ಉಳಿದಿಲ್ಲ, ಎಳನೀರು ಉಳಿದಿಲ್ಲ, ಮಾಡಿನ ಹಂಚೂ ಉಳಿದಿಲ್ಲ. “ಅಲ್ಲಿಂದ ಎಂತಾದ್ರೂ ಕಳಿಸು ಅಣ್ಣ.”

ಗುರುವ ಮಸ್ಕತ್‌ನ ಮನೆ ಶಿಫ್ಟಿಂಗ್ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಒಮಾನ್ ಬಿಟ್ಟು ಹೋಗುವವರು ಬೇಡದ್ದನ್ನೆಲ್ಲ ಶಿಫ್ಟಿಂಗಿನವರಿಗೇ ಕೊಟ್ಟುಬಿಡುತ್ತಾರೆ. ಹಾಗೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಮನೆಯಲ್ಲಿ ಅವನಿಗೆ ಸಿಕ್ಕಿದ್ದು ಮೂರು ತುಂಡು ಮಾಡಿ ಇಟ್ಟಿದ್ದ ಒಂದು ಏರ್‌ಗನ್. ಯಾರಿಗೂ ಹೇಳದೆ ಮನೆಗೆ ತಂದ.

ಗುರುವಾರ ಮಧ್ಯಾಹ್ನ ಅಲ್ ಮವಾಲೇಹ್‌ನ ಗುರುವನ ಫ್ಲ್ಯಾಟಿನಲ್ಲಿ ಊರಿಗೆ ಕಳಿಸುವ ಕಾರ್ಟನ್ ಕಟ್ಟುವ ಕೆಲಸ ನಡೆದಿತ್ತು. ಹುಲಿ ಚಿತ್ರದ ದಪ್ಪ ಕಂಬಳಿ, ಹಾಲಿನ ಪುಡಿ, ಸಾಬೂನು, ಬಾದಾಮಿ. ಕೆಳಗಿನ ಮನೆಯ ಶಮೀನಾ ಅಂಚೆ ಪಾರ್ಸೆಲ್ ಬುಕ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಊಟಕ್ಕೆ ಬಂದವಳು ಇಲ್ಲಿಯೇ ಫಾರ್ಮ್ ತುಂಬಿಸಿ ಕಾರ್ಟನ್ ಒಯ್ಯುವುದು ವಾಡಿಕೆ. ಗುರುವನ ರೆಸಿಡೆಂಟ್ ಕಾರ್ಡ್ ನವೀಕರಣಕ್ಕೆ ಕಂಪನಿಯಲ್ಲಿತ್ತು. ಕಾರ್ಡಿಲ್ಲದೆ ಪಾರ್ಸೆಲ್ ಬುಕ್ ಆಗುವುದಿಲ್ಲ. ಅದಕ್ಕೇ ಕಳಿಸುವವರ ಹೆಸರಿನ ಜಾಗದಲ್ಲಿ ಅವನ ಹೆಂಡತಿ, ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವ ವಾರಿಜಾಕ್ಷಿಯ ಹೆಸರು.

“ಕಂಬಳಿ ಬರೆದೆ. ಮತ್ತೆ ಎಂತ ಉಂಟು ವಾರಿಜಕ್ಕ?”

“ಒಂದು ಪೈಪು ಉಂಟಂತೆ. ಇವರನ್ನೇ ಕೇಳು.”

“ಎಂತ ಪೈಪು ಗುರುವಣ್ಣ?”

“ಪೈಪು ಅಂದ್ರೆ ಪೈಪು ಮಾರಾಯ್ತಿ. ನೀನು ಕಸ್ಟಮ್ಸಿನವಳಾ?”

“ಕಸ್ಟಮ್ಸಿನವರು ಇಷ್ಟು ನಯವಾಗಿ ಕೇಳುವುದಿಲ್ಲ.”

ಶಮೀನಾ ಕಂಬಳಿಯ ಸುರುಳಿ ಬಿಚ್ಚಿದಳು. ಹುಲಿಯ ಹೊಟ್ಟೆಯೊಳಗಿಂದ ಕಪ್ಪು ನಳಿಗೆ ಜಾರಿ ನೆಲಕ್ಕೆ ಬಿತ್ತು, ಅದರ ಹಿಂದೆಯೇ ಟ್ರಿಗರ್ ಇರುವ ತುಂಡು. ಅವಳು ಪೆನ್ನು ಕೆಳಗಿಟ್ಟಳು. ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದಳು.

“ಏರ್‌ಗನ್ ಅದು, ಮಂಗ ಓಡಿಸ್ಲಿಕ್ಕೆ,” ಗುರುವ ನಗಲು ನೋಡಿದ. “ಅದೂ ಅಲ್ಲದೆ ಈಗ ಅಂಚೆಯಲ್ಲಿ ಪಿಸ್ತೂಲೇ ಕಳಿಸ್ಬಹುದಂತೆ. ಕಾನೂನು ಬರ್ತಾ ಉಂಟು. ನೋಡು, ವಾಟ್ಸಾಪಲ್ಲಿ ಬಂದದ್ದು.”

ಶಮೀನಾ ಓದಿದಳು. “ಇದು ಯಾವ ದೇಶದ್ದು?”

“ಯಾವುದೋ ದೊಡ್ಡ ದೇಶದ್ದು.”

“ಅಲ್ಲಿಯೂ ಇನ್ನೂ ಮಸೂದೆ. ಯಾರೋ ಬೇಕು ಅಂದಿದ್ದಾರೆ, ಯಾರೋ ಬೇಡ ಅಂತಿದ್ದಾರೆ. ಕಾಯ್ದೆ ಆಗಿಲ್ಲ. ನಾಳೆ ಆದ್ರೂ ಆ ದೇಶಕ್ಕೆ ಆಯ್ತು. ನೀವಿರುವುದು ಎಲ್ಲಿ? ಇಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಮನೆಯಲ್ಲಿ ಇಡುವುದೇ ತಪ್ಪು. ಪಾರ್ಸೆಲಿಗಂತೂ ಹಾಕ್ಲಿಕ್ಕೇ ಇಲ್ಲ. ತುಂಡು ತುಂಡು ಬಿಡಿಸಿದ್ರೂ ಅಷ್ಟೇ, ಗಾಳಿಯದ್ದಾದ್ರೂ ಅಷ್ಟೇ.”

“ನೀನು ಸುಮ್ಮನೆ ಹೆದರಿಸ್ತೀ.”

“ಸರಿ, ಹೆದರಬೇಡಿ. ಫಾರ್ಮಿನಲ್ಲಿ ಇರುವುದು ನಿಮ್ಮ ಹೆಸರಲ್ಲ ಅಲ್ವಾ.”

ವಾರಿಜಾಕ್ಷಿಗೆ ಆಗ ಅರ್ಥವಾಯಿತು. ತನ್ನ ಹೆಸರು, ತನ್ನ ಕಾರ್ಡ್ ನಂಬರ್, ತನ್ನ ಸಹಿ. ಬಾಗಿಲು ತಟ್ಟುವವರು ಕೇಳುವುದು ತನ್ನನ್ನು. ಅವಳ ಕಣ್ಣು ನೆಲದ ಮೇಲೆ ಹುಡುಕಿತು.

“ಇಲ್ಲಿ ಇರುವುದು ಎರಡು ತುಂಡು. ಹಿಡಿ ಎಲ್ಲಿ?”

ಗುರುವ ಬಗ್ಗಿ ಕಂಬಳಿ ಸುತ್ತತೊಡಗಿದ.

“ಕೇಳಿದ್ದು ನಿಮ್ಮನ್ನೇ. ಹಿಡಿ ಎಲ್ಲಿ?”

“ಮೊನ್ನೆ ಸೋಮವಾರದ ಕಾರ್ಟನಿನಲ್ಲಿ,” ಎಂದ ಗುರುವ. “ಚಾಪೆಯೊಳಗೆ.”

ಸೋಮವಾರದ ಕಾರ್ಟನೂ ಅವಳ ಹೆಸರಿನಲ್ಲೇ ಹೋಗಿತ್ತು. ಏನೂ ತಿಳಿಯದೆ ನಗುತ್ತಾ ಸಹಿ ಹಾಕಿದ್ದಳು. ಹತ್ತನೆಯ ತರಗತಿಯ ಮಗಳು ಇನ್ನೇನು ಶಾಲೆಯಿಂದ ಬರುವ ಹೊತ್ತು. ಅಮ್ಮ ಎಲ್ಲಿ ಎಂದು ಅವಳು ಕೇಳಿದರೆ ಈ ಮನುಷ್ಯ ಏನು ಹೇಳುತ್ತಾನೆ?

ಶಮೀನಾ ಅಂಗಡಿಗೆ ಫೋನು ಮಾಡಿದಳು. ಸೋಮವಾರದ ಲಾಟು ಇನ್ನೂ ಗೋದಾಮಿನಲ್ಲಿತ್ತು. ನಾಲ್ಕು ಗಂಟೆಗೆ ಗಾಡಿ ಹೊರಡುತ್ತದೆ. ಗೋಡೆಯ ಗಡಿಯಾರದಲ್ಲಿ ಮೂರು ಇಪ್ಪತ್ತು.

“ಹೋಗಿ ಸುಮ್ಮನೆ ತೆಗೆದು ಬಿಸಾಡುವ,” ಗುರುವ ಪಿಸುಗುಟ್ಟಿದ. “ಖಲಾಸ್, ಯಾರಿಗೂ ಗೊತ್ತಾಗುವುದಿಲ್ಲ.”

“ಕಸದಲ್ಲಿ ಸಿಕ್ಕಿದ್ರೆ? ಯಾರಾದ್ರೂ ಮಕ್ಕಳ ಕೈಗೆ ಹೋದ್ರೆ?” ವಾರಿಜಾಕ್ಷಿ ಚಪ್ಪಲಿ ಮೆಟ್ಟಿದಳು. “ನಿಮ್ಮ ಕಂಪನಿಯ ಮಂದೂಬ್‌ಗೆ ಫೋನ್ ಮಾಡಿ. ಸರ್ಕಾರಿ ಕಾಗದಪತ್ರ ಎಲ್ಲ ನೋಡುವುದು ಅವರೇ ಅಲ್ವಾ, ಪೊಲೀಸರಲ್ಲಿ ಹೇಗೆ ಮಾತಾಡ್ಬೇಕು ಅಂತ ಅವರಿಗೆ ಗೊತ್ತು. ಅವರು ನಮ್ಮನ್ನು ಹುಡುಕಿಕೊಂಡು ಬರುವ ಮೊದಲು ನಾವೇ ಹೇಳುವ.”

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಗೋದಾಮಿನ ಮ್ಯಾನೇಜರ್ ಎದುರಿನಲ್ಲೇ ಕಾರ್ಟನ್ ಒಡೆದರು. ಚಾಪೆ ಬಿಚ್ಚಿದಾಗ ಮರದ ಹಿಡಿ ಕಂಡಿತು. ಮ್ಯಾನೇಜರ್ ಪೊಲೀಸರಿಗೆ ಫೋನು ಮಾಡುವಾಗ ವಾರಿಜಾಕ್ಷಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತನ್ನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗುರುವ ಎದುರು ನಿಂತಿದ್ದ. “ತಪ್ಪು ನನ್ನದು. ಅವಳಿಗೆ ಗೊತ್ತಿರಲಿಲ್ಲ” ಎಂದು ಮಂದೂಬ್ ಬಂದ ಮೇಲೆ ಅವನು ನಾಲ್ಕು ಸಲ ಹೇಳಿದ. ಫಾರ್ಮ್ ಮಾತ್ರ ಬೇರೆಯೇ ಹೇಳುತ್ತಿತ್ತು.

ಪೊಲೀಸರು ಕೋವಿಯ ಮೂರೂ ತುಂಡು ಒಯ್ದರು, ಅವಳ ಕಾರ್ಡನ್ನೂ ಒಯ್ದರು. ಹನ್ನೊಂದು ದಿನ. ಮೂರು ಸಲ ಠಾಣೆ. ಮೆಟ್ಟಿಲಲ್ಲಿ ಬೂಟಿನ ಸದ್ದಾದರೆ ಆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಹನ್ನೆರಡನೆಯ ದಿನ ಎಚ್ಚರಿಕೆ ಕೊಟ್ಟು ಕಾರ್ಡ್ ಹಿಂದಿರುಗಿಸಿದರು. ಗಾಡಿ ಹೊರಡುವ ಮೊದಲೇ ತಾವಾಗಿ ಬಂದು ಹೇಳಿದ್ದರಿಂದ ಇಷ್ಟಕ್ಕೇ ಮುಗಿಯಿತು ಎಂದ ಮಂದೂಬ್. ಗುರುವ ತಮ್ಮನಿಗೆ ಫೋನು ಮಾಡಿ, “ಮಂಗಗಳಿಗೆ ಬಲೆ ಹಾಕು, ಫಾರೆಸ್ಟಿನವರನ್ನು ಕೇಳು. ನನ್ನನ್ನು ಮಾತ್ರ ಕೇಳ್ಬೇಡ” ಎಂದ.

ಓದುವವರೇ, ಕೇಳುವವರೇ, ವಾಟ್ಸಾಪಿನಲ್ಲಿ ಬಂದದ್ದು ಕಾನೂನಲ್ಲ. ಒಂದು ದೇಶದ ಮಸೂದೆ ಇನ್ನೊಂದು ದೇಶದ ಪರವಾನಗಿಯಲ್ಲ. ಮನೆಮನೆಗೆ ಕಾಗದ ಮುಟ್ಟಿಸುವ ಚೀಲದಲ್ಲಿ ಕೋವಿಯನ್ನೂ ತುಂಬೋಣ ಎನ್ನುವವರು ಎಲ್ಲಿದ್ದರೂ ಕೇಳಿ: ಆ ಚೀಲ ಹೊರುವವನು ಯಾರು? ಅದನ್ನು ಬಿಚ್ಚುವ ಕೈ ಯಾರದು? ಯಾರಾದರೂ ಸತ್ತರೆ ಲೆಕ್ಕ ಕೊಡುವವರು ಯಾರು? ಉತ್ತರ ಸಿಗುವವರೆಗೆ ಬೇಡ ಎನ್ನಿ, ಗಟ್ಟಿಯಾಗಿ ಎನ್ನಿ. ಕಾರ್ಟನ್ ಗಂಡ ಕಟ್ಟಿರಲಿ, ಗೆಳೆಯ ಕಟ್ಟಿರಲಿ, ನಿಮ್ಮ ಕೈಯಾರೆ ಬಿಚ್ಚಿ ನೋಡದೆ ಸಹಿ ಹಾಕಬೇಡಿ. ನಾಚಿಕೆ ಬೇಡ, ದಾಕ್ಷಿಣ್ಯ ಬೇಡ. ದಾಕ್ಷಿಣ್ಯಕ್ಕೆ ಹಾಕಿದ ಸಹಿಗೂ ಜೈಲಿನಲ್ಲಿ ಕೂರಬೇಕಾದದ್ದು ನೀವೇ.